ಮನೆಗಿಂತ ಮೊದಲು ದಾರಿ ಮುಳುಗುತ್ತದೆ: ನೆರೆಯ ಮುನ್ಸೂಚನೆಯನ್ನು ಅರಿಯುವ ಬಗೆ

ಶ್ರಾವಣ ಮಾಸವೆಂದರೆ ನಮ್ಮ ಮಠಗಳಲ್ಲಿ ಪುರಾಣ-ಪ್ರವಚನಗಳ ಕಾಲ. ಸದ್ಭಕ್ತರು ಊರಿಂದೂರಿಗೆ ಸಂಚರಿಸುವ, ಯಡೂರು, ಕೂಡಲಸಂಗಮದಂಥ ನದೀತೀರದ ಕ್ಷೇತ್ರಗಳಿಗೆ ದರ್ಶನಕ್ಕೆ ಹೋಗಿಬರುವ ತಿಂಗಳು ಅದು. ಕೃಷ್ಣೆ, ಘಟಪ್ರಭೆ, ಮಲಪ್ರಭೆಯರು ದಡ ಮೀರುವುದೂ ಬಹುಮಟ್ಟಿಗೆ ಅದೇ ತಿಂಗಳಲ್ಲಿ. 2019ರಲ್ಲಿ ನಾಗರ ಪಂಚಮಿ ಆಗಸ್ಟ್ 5ರಂದು ಬಂದಿತ್ತು. ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡಿ ಉಂಡಿ ತಿನ್ನಬೇಕಾದ ಆ ವಾರದಲ್ಲಿ ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳ ಹೊಳೆದಂಡೆಯ ಜನರು ಗಂಟುಮೂಟೆ ಹೊತ್ತು ಶಾಲೆ, ಮಠ, ಕಲ್ಯಾಣಮಂಟಪಗಳ ಆಶ್ರಯಕ್ಕೆ ಬಂದರು. ಗೋಕಾಕದ ಬೀದಿಗಳಲ್ಲಿ ನೀರು ನಿಂತಿತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಮಲಪ್ರಭೆ ಹೊಕ್ಕಳು. ಕೊಣ್ಣೂರಿನ ಬಳಿ ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯ ಸಂಚಾರವೇ ನಿಂತುಹೋಯಿತು.

ಆ ದಿನಗಳಲ್ಲಿ ಪರಿಹಾರ ಕೇಂದ್ರವೊಂದರಲ್ಲಿ ಔಷಧೋಪಚಾರದ ಸೇವೆಗೆ ನಿಂತಿದ್ದ ನಾವು, ನೀರಿನಲ್ಲಿ ಎದೆಮಟ ನಡೆದು ಬಂದವರನ್ನು ಒಂದೇ ಪ್ರಶ್ನೆ ಕೇಳುತ್ತಿದ್ದೆವು: “ಡಂಗುರ ಕೇಳಿರಲಿಲ್ಲವೆ?” ಬಹುತೇಕ ಎಲ್ಲರೂ ಕೇಳಿದ್ದರು. ಪಂಚಾಯಿತಿಯವರು ಧ್ವನಿವರ್ಧಕದಲ್ಲಿ ಸಾರಿದ್ದರು, ಪೊಲೀಸರು ಬಂದು ಹೇಳಿದ್ದರು, ದೂರದರ್ಶನದಲ್ಲೂ ಬಂದಿತ್ತು. “ಕೇಳಿದ್ದೆವ್ರಿ. ಆದರ 2009ರಾಗ ನಮ್ಮ ಕಟ್ಟಿ ತನಕ ಬಂದು ನಿಂತಿತ್ತು. ಈ ಸಲಾನೂ ಅಷ್ಟ ಅಂದ್ಕೊಂಡ್ವಿ” ಎಂದು ಹಿರಿಯರೊಬ್ಬರು ಹೇಳಿದ ಮಾತು ಅಂದು ಅನೇಕರ ಬಾಯಲ್ಲಿತ್ತು. ಸುದ್ದಿ ಅವರಿಗೆ ತಲುಪಿತ್ತು, ಅದರ ಅರ್ಥ ತಲುಪಿರಲಿಲ್ಲ. ಆದುದರಿಂದ ಈ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ, ಆಕಾಶವಾಣಿಯೂ ಮೊಬೈಲೂ ಹೇಳುವ ಮುನ್ಸೂಚನೆಯನ್ನು ನಮ್ಮ ನಮ್ಮ ಊರಿಗೆ, ಓಣಿಗೆ ಹೇಗೆ ಅನ್ವಯಿಸಿಕೊಳ್ಳಬೇಕೆಂಬುದನ್ನೂ, ನೀರು ಬಂದಾಗ ಮತ್ತು ಇಳಿದ ಮೇಲೆ ದೇಹವನ್ನು ಕಾಪಾಡಿಕೊಳ್ಳುವ ಬಗೆಯನ್ನೂ ವಿಚಾರಿಸೋಣ.

ಯಾರ ಆಕಾಶದ ಮಳೆ?

ನಮ್ಮ ಭಾಗದ ಎರಡು ದೊಡ್ಡ ನೆರೆಗಳು ಒಂದೇ ಬಗೆಯವಲ್ಲ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಸುರಿದ ಮಳೆ ನಮ್ಮದೇ ಬಯಲುಸೀಮೆಯ ನೆತ್ತಿಯ ಮೇಲೆ ಸುರಿಯಿತು. ಬರಗಾಲಕ್ಕೆ ಒಗ್ಗಿದ ಹಳ್ಳಿಗಳಲ್ಲಿ, ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮನೆಗಳು ನೆನೆದು ಕುಸಿದವು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಅಸುನೀಗಿದ ಆ ದುರಂತದಲ್ಲಿ ಹೊಳೆಯಲ್ಲಿ ಕೊಚ್ಚಿಹೋದವರಷ್ಟೇ ಇರಲಿಲ್ಲ, ಮನೆಯ ಗೋಡೆಯಡಿ ಸಿಕ್ಕವರೂ ಬಹಳ ಮಂದಿ ಇದ್ದರು. 2019ರ ನೆರೆಯಾದರೋ ಬಹುಪಾಲು ಸಹ್ಯಾದ್ರಿಯಿಂದ ಇಳಿದದ್ದು. ಮಹಾಬಳೇಶ್ವರ, ಕೊಯ್ನಾ ಕಣಿವೆಯಲ್ಲಿ ಬಿದ್ದ ಮಳೆ ಕೃಷ್ಣೆಗೂ, ಖಾನಾಪುರ ತಾಲ್ಲೂಕಿನ ಕಣಕುಂಬಿಯ ಸುತ್ತ ಬಿದ್ದ ಮಳೆ ಮಲಪ್ರಭೆಗೂ ಬಂತು. ಜಮಖಂಡಿಯಲ್ಲಿ, ಬಾದಾಮಿಯಲ್ಲಿ ಜಿಟಿಜಿಟಿ ಮಳೆಯಷ್ಟೇ ಇದ್ದಾಗಲೂ ಹೊಳೆ ಏರುತ್ತಲೇ ಇತ್ತು.

ಇದರಿಂದ ತಿಳಿಯಬೇಕಾದುದು ಇಷ್ಟೆ: ಹೊಳೆದಂಡೆಯವರು ಎರಡು ಸುದ್ದಿಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ನಮ್ಮ ಜಿಲ್ಲೆಯ ಮಳೆಯ ಮುನ್ಸೂಚನೆ ಒಂದು, ಮೇಲಿನ ಆಣೆಕಟ್ಟೆಯಿಂದ ಹೊರಬಿಡುವ ನೀರಿನ ಪ್ರಮಾಣ ಇನ್ನೊಂದು. ಚಿಕ್ಕೋಡಿ, ಅಥಣಿ ಭಾಗದವರಿಗೆ ಕೊಯ್ನಾ, ವಾರಣಾ ಮತ್ತು ರಾಜಾಪುರ ಬ್ಯಾರೇಜಿನ ಸುದ್ದಿ ಬೇಕು. ಗೋಕಾಕ, ಮುಧೋಳದವರಿಗೆ ಹಿಡಕಲ್ ಆಣೆಕಟ್ಟೆಯದು. ರಾಮದುರ್ಗ, ನರಗುಂದ, ಬಾದಾಮಿಯ ಹೊಳೆಸಾಲಿಗೆ ನವಿಲುತೀರ್ಥದ್ದು. ಭೀಮಾತೀರದ ಅಫಜಲಪುರ, ಇಂಡಿಯವರಿಗೆ ಮಹಾರಾಷ್ಟ್ರದ ಉಜನಿಯದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಉಜನಿಯ ಸುದ್ದಿಗೆ ಕಿವಿಗೊಟ್ಟವರಿಗೆ ದನಕರು ಸಾಗಿಸಲು ಸಮಯ ದೊರೆಯಿತು.

ಹಳ್ಳಗಳ ಮಾತು ಬೇರೆ. ಧಾರವಾಡ ಜಿಲ್ಲೆಯಿಂದ ಹರಿದು ನವಲಗುಂದ ಸೀಮೆಯ ಎರೆಹೊಲಗಳನ್ನು ದಾಟಿ ಮಲಪ್ರಭೆಯನ್ನು ಕೂಡುವ ಬೆಣ್ಣೆಹಳ್ಳಕ್ಕೆ ನೀರನ್ನು ತಡೆದು ಲೆಕ್ಕ ಹಾಕಿ ಬಿಡುವಂಥ ದೊಡ್ಡ ಆಣೆಕಟ್ಟೆ ಇಲ್ಲ. ಮೇಲೆ ಮಳೆಯಾದರೆ ಕೆಲವೇ ಗಂಟೆಗಳಲ್ಲಿ ಅದು ಮೈಲಗಲ ಹರಡಿ ನಿಲ್ಲುತ್ತದೆ. ಹಳ್ಳದ ದಂಡೆಯವರಿಗೆ ಕ್ಯುಸೆಕ್ ಲೆಕ್ಕ ಯಾರೂ ಹೇಳಲಾರರು. ಅವರಿಗೆ ಆಕಾಶದ ಮುನ್ಸೂಚನೆಯೇ ಆಧಾರ.

ಬಣ್ಣಗಳ ಅರ್ಥ

ಭಾರತ ಹವಾಮಾನ ಇಲಾಖೆಯು ಜಿಲ್ಲಾವಾರು ನಾಲ್ಕು ಬಣ್ಣಗಳಲ್ಲಿ ಮುನ್ಸೂಚನೆ ಕೊಡುತ್ತದೆ. ಹಸಿರು ಎಂದರೆ ಎಚ್ಚರಿಕೆಯ ಅಗತ್ಯವಿಲ್ಲ. ಹಳದಿ ಎಂದರೆ ಸುದ್ದಿಯ ಮೇಲೆ ಕಣ್ಣಿಡಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ಕಾರ್ಯಪ್ರವೃತ್ತರಾಗಿ. ಮಳೆಯ ಅಳತೆಗೂ ಹೆಸರುಗಳಿವೆ: 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ಅಥವಾ ಅದಕ್ಕೂ ಹೆಚ್ಚಾದರೆ ಅತ್ಯಂತ ಭಾರಿ. ಇಲ್ಲಿ ಭಕ್ತರಲ್ಲಿ ಸಾಮಾನ್ಯವಾಗಿ ಕಾಣುವ ಎರಡು ತಪ್ಪು ತಿಳಿವಳಿಕೆಗಳಿವೆ. ಕೆಂಪು ಬಂದರೆ ಮಾತ್ರ ಏಳಬೇಕು, ಕಿತ್ತಳೆ ಬಂದರೆ ಮಲಗಿರಬಹುದು ಎಂಬುದು ಒಂದು. ಮಣ್ಣಿನ ಮನೆಯಲ್ಲಿರುವವರಿಗೆ, ಹಳ್ಳದ ದಂಡೆಯವರಿಗೆ ಕಿತ್ತಳೆಯೇ ಕೆಂಪೆಂದು ನಮ್ಮ ಅಭಿಪ್ರಾಯ. ಎರಡನೆಯದು, ನಮ್ಮ ಜಿಲ್ಲೆಗೆ ಹಸಿರು ಇದೆ, ಆದುದರಿಂದ ಹೊಳೆ ಬಾರದು ಎಂಬುದು. ಈ ಬಣ್ಣ ಆಕಾಶವನ್ನು ಕುರಿತದ್ದು, ಹೊಳೆಯನ್ನು ಕುರಿತದ್ದಲ್ಲ.

ಹೊಳೆಯ ವಿಷಯವನ್ನು ಹೇಳುವುದು ಕೇಂದ್ರ ಜಲ ಆಯೋಗ. ಅದು ತನ್ನ ಮಾಪನ ಕೇಂದ್ರಗಳಲ್ಲಿ ಎಚ್ಚರಿಕೆಯ ಮಟ್ಟ, ಅಪಾಯದ ಮಟ್ಟ, ಈವರೆಗಿನ ಗರಿಷ್ಠ ಮಟ್ಟ ಎಂಬ ಮೂರು ಗೆರೆಗಳನ್ನು ಗುರುತಿಸಿಕೊಂಡಿದೆ. ನೀರು ಮೊದಲ ಗೆರೆ ದಾಟಿದರೆ ಹಳದಿ, ಎರಡನೆಯದನ್ನು ದಾಟಿದರೆ ಕಿತ್ತಳೆ, ಮೂರನೆಯದನ್ನು ಮುಟ್ಟಿದರೆ ಕೆಂಪು. ಆಯೋಗವು 2023ರಲ್ಲಿ ಹೊರತಂದ ಫ್ಲಡ್‌ವಾಚ್ ಇಂಡಿಯಾ ಎಂಬ ಮೊಬೈಲ್ ಆಪ್‌ನಲ್ಲಿ ಇವನ್ನು ನೋಡಬಹುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೆ ವಹಿಸುವುದು ಒಳ್ಳೆಯದು. ಹೇಗೂ ಮೊಬೈಲ್ ಅವರ ಕೈಯಲ್ಲೇ ಇರುತ್ತದೆ.

ಇನ್ನು ಕ್ಯುಸೆಕ್. ಒಂದು ಕ್ಯುಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ ಸುಮಾರು 28 ಲೀಟರ್. ಕಣ್ಣು ಮಿಟುಕಿಸುವುದರಲ್ಲಿ ಎರಡು ಕೊಡ ಎನ್ನಬಹುದು. ಒಂದು ಲಕ್ಷ ಕ್ಯುಸೆಕ್ ನೀರು ಒಂದು ಹಗಲು-ರಾತ್ರಿ ಹರಿದರೆ 8.64 ಟಿಎಂಸಿ ಆಗುತ್ತದೆ. ನವಿಲುತೀರ್ಥದ ರೇಣುಕಾಸಾಗರದ ಒಟ್ಟು ಸಾಮರ್ಥ್ಯ 37 ಟಿಎಂಸಿಯಷ್ಟು ಎಂಬುದನ್ನು ನೆನೆದರೆ ಇದರ ಅಗಾಧತೆ ತಿಳಿದೀತು. ಆದರೆ ಅಂಕಿ ಮಾತ್ರದಿಂದ ಅಪಾಯ ತಿಳಿಯದು. ಆಲಮಟ್ಟಿಯ ಕೆಳಗಿನ ಕೃಷ್ಣೆಗೆ ಒಂದು ಲಕ್ಷ ಕ್ಯುಸೆಕ್ ಮಳೆಗಾಲದ ಸಾಮಾನ್ಯ ಸಂಗತಿ. ಅದರ ಕಾಲುಭಾಗವೂ ಮಲಪ್ರಭೆಯ ದಡ ಮೀರಬಲ್ಲದು. ಮಲಪ್ರಭೆಯ ಪಾತ್ರ ಕಿರಿದು, ಅದೂ ಹಲವು ವರ್ಷ ಜಲಾಶಯ ತುಂಬದೆ ಹೊಳೆ ಬತ್ತಿದ್ದಾಗ ಇಕ್ಕೆಲದ ಹೊಲಗಳು ಪಾತ್ರದೊಳಕ್ಕೇ ಇಳಿದು ಇನ್ನಷ್ಟು ಕಿರಿದಾಗಿದೆ. ಹೊಳೆ ತನ್ನ ಜಾಗವನ್ನು ಮರೆತಿತ್ತೆಂದು ನಾವು ಭಾವಿಸಿದೆವು. ಹಾಗೆಯೇ ಆಲಮಟ್ಟಿಯ ಮಟ್ಟ 519.60 ಮೀಟರ್ ತಲುಪಿತೆಂಬ ಸುದ್ದಿ ಕೇಳಿ, ಅಷ್ಟು ಆಳದ ನೀರೇ ಎಂದು ಬೆರಗಾಗುವವರಿದ್ದಾರೆ. ಅದು ಸಮುದ್ರಮಟ್ಟದಿಂದ ಎಣಿಸಿದ ಎತ್ತರ, ಜಲಾಶಯ ಪೂರ್ಣ ತುಂಬಿದ ಗುರುತು, ಆಳವಲ್ಲ. ತುಂಬಿದ ಜಲಾಶಯಕ್ಕೆ ಬಂದ ನೀರನ್ನೆಲ್ಲ ಹೊರಬಿಡದೆ ಬೇರೆ ದಾರಿಯಿಲ್ಲವೆಂಬುದೇ ಆ ಸುದ್ದಿಯ ತಾತ್ಪರ್ಯ.

ನಮ್ಮ ಊರಿನ ಗೆರೆ

ಈಗ ಮುಖ್ಯವಾದ ಮಾತಿಗೆ ಬರೋಣ. ಸರ್ಕಾರದ ಗೆರೆಗಳು ಸೇತುವೆಯ ಕಂಬದ ಮೇಲಿವೆ, ಮಾಪನ ಕೇಂದ್ರದಲ್ಲಿವೆ. ನಮ್ಮ ಓಣಿಯ ಗೆರೆಯನ್ನು ನಾವೇ ಹಾಕಿಕೊಳ್ಳಬೇಕು. ಪ್ರತಿ ಹೊಳೆಸಾಲಿನ ಊರಿನಲ್ಲೂ ಗುಡಿಯ ಕಟ್ಟೆಗೋ ಶಾಲೆಯ ಗೋಡೆಗೋ ಹಿಂದಿನ ನೆರೆಯ ಕಲೆ ಇರುತ್ತದೆ. ಅದನ್ನು ಸುಣ್ಣ ಬಳಿದು ಮರೆಮಾಡದೆ, ಇಸವಿ ತಾರೀಖುಗಳ ಸಹಿತ ಬಣ್ಣದಲ್ಲಿ ಬರೆಸಿರಿ. ಅಂದು ಆಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟಿದ್ದರು, ಸೇತುವೆಯ ಕಂಬದಲ್ಲಿ ನೀರು ಎಲ್ಲಿಗೆ ಮುಟ್ಟಿತ್ತು, ಬಿಟ್ಟ ನೀರು ನಮ್ಮೂರಿಗೆ ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂಬ ಮೂರು ಸಂಗತಿಗಳನ್ನು ಹಿರಿಯರಿಂದಲೂ ನೀರಾವರಿ ಇಲಾಖೆಯ ಸಿಬ್ಬಂದಿಯಿಂದಲೂ ಕೇಳಿ ಬರೆದಿಟ್ಟುಕೊಳ್ಳಿರಿ. ಮುಂದಿನ ಸಲ ಸುದ್ದಿಯಲ್ಲಿ ಅಂಕಿ ಕೇಳಿದೊಡನೆ ಅದು ನಮ್ಮ ಮನೆಯ ಯಾವ ಮೆಟ್ಟಿಲಿನ ಮಾತೆಂದು ತಿಳಿಯುತ್ತದೆ.

ಆದರೆ ಹಳೆಯ ಕಲೆ ಹಿಂದಿನ ನೆರೆಯ ಎತ್ತರವನ್ನು ಹೇಳುತ್ತದೆಯೇ ಹೊರತು ಮುಂದಿನದರ ಮಿತಿಯನ್ನು ಹೇಳುವುದಿಲ್ಲ. ಮೇಲೆ ಹೇಳಿದ ಹಿರಿಯರು ತಪ್ಪಿದ್ದು ಇಲ್ಲಿಯೇ. ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದುದು, ಅದನ್ನು ನಾವೂ ಬಹುಕಾಲ ಗಮನಿಸಿರಲಿಲ್ಲ. ಹೊಸ್ತಿಲಿಗೆ ನೀರು ಬಂದಾಗ ಹೊರಡೋಣವೆಂದು ಜನ ಕಾಯುತ್ತಾರೆ. ಹೊಳೆ ಏರಿದಾಗ ನೀರು ಮೊದಲು ಹಳ್ಳಗಳೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಊರಿನ ಹಿಂದಿನ ಹಳ್ಳದ ಸಿಡಿ ಮುಳುಗುತ್ತದೆ, ತಗ್ಗಿನ ರಸ್ತೆ ಮುಳುಗುತ್ತದೆ, ಕಲ್ಲೋಳ-ಯಡೂರಿನಂಥ ಕೆಳಮಟ್ಟದ ಸೇತುವೆ ಮುಳುಗುತ್ತದೆ. ಮನೆ ಇನ್ನೂ ಒಣಗಿಯೇ ಇರುವಾಗ ಊರು ದ್ವೀಪವಾಗಿರುತ್ತದೆ. ಅದರ ನಂತರ ನೀರು ಹೊಸ್ತಿಲಿಗೆ ಬಂದರೆ ದೋಣಿಯೊಂದೇ ಗತಿ. ಆದುದರಿಂದ ಹೊರಡುವ ಗೆರೆಯನ್ನು ಹೊಸ್ತಿಲಿನ ಮೇಲೆ ಹಾಕದೆ, ನಮ್ಮ ದಾರಿಯ ಅತ್ಯಂತ ತಗ್ಗಿನ ಜಾಗದಲ್ಲಿ ಹಾಕಬೇಕು. ಆ ಜಾಗ ಎಲ್ಲಿದೆಯೆಂದು ಮಳೆಗಾಲಕ್ಕೆ ಮೊದಲೇ ನಡೆದು ನೋಡಿ ಬರಬೇಕು. ಅಲ್ಲಿಗೆ ನೀರು ಬರುವ ಸೂಚನೆ ಕಂಡರೆ, ಮನೆಯಂಗಳದಲ್ಲಿ ಬಿಸಿಲಿದ್ದರೂ, ಮುದುಕರು, ಮಕ್ಕಳು, ದಿನ ತುಂಬಿದ ಗರ್ಭಿಣಿಯರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಅದೇ ಹಗಲಿನಲ್ಲಿ ಹೊರಟುಬಿಡಬೇಕು. ರಾತ್ರಿಗೆ ಕಾಯಬಾರದು.

ಮೂರು ಸಲ ಹೊರಟು ಮೂರು ಸಲವೂ ನೀರು ಬಾರದಿದ್ದರೆ ನಾಲ್ಕನೆಯ ಸಲ ಯಾರು ಹೊರಟಾರು ಎಂದು ಕೇಳುವವರಿದ್ದಾರೆ. ಅವರ ಬೇಸರ ನಮಗೆ ಅರ್ಥವಾಗುತ್ತದೆ. ಕೆಲಸ ಕೆಡುತ್ತದೆ, ಪರರ ಮನೆಯಲ್ಲಿ ಮಲಗಬೇಕಾಗುತ್ತದೆ. ಮುನ್ಸೂಚನೆ ಕೊಡುವವರು ಸಾಧ್ಯತೆಯನ್ನಷ್ಟೇ ಹೇಳಬಲ್ಲರು. ಬಾರದೆ ಹೋದ ನೆರೆ ಅವರ ಸುಳ್ಳಲ್ಲ. ಮಠದ ದಾಸೋಹದಲ್ಲಿ ಒಂದು ರಾತ್ರಿ ಉಂಡು ಮಲಗಿ ಮರಳಿದರೆ ನಷ್ಟವೇನು?

ಸುದ್ದಿಯನ್ನು ಎಲ್ಲಿಂದ ಪಡೆಯಬೇಕೆಂಬುದನ್ನೂ ಹೇಳಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ 92433 45433ರಲ್ಲಿ ಮಳೆಯ ಮುನ್ಸೂಚನೆ ಕನ್ನಡದಲ್ಲಿಯೇ ದೊರೆಯುತ್ತದೆ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077, ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108. ವಾಟ್ಸ್‌ಆಪ್‌ನಲ್ಲಿ ಬರುವ ಧ್ವನಿಮುದ್ರಿಕೆಗಳನ್ನು ನಂಬಿ ಓಡುವುದೂ, ಅವನ್ನು ಇತರರಿಗೆ ಕಳುಹಿಸುವುದೂ ಬೇಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಆಣೆಕಟ್ಟೆಯ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒಂದು ಗೇಟು ಹೋಗುವುದಕ್ಕೂ ಆಣೆಕಟ್ಟೆಯೇ ಒಡೆಯುವುದಕ್ಕೂ ಅಜಗಜಾಂತರವಿದೆ. ಒಂದನ್ನು ಇನ್ನೊಂದೆಂದು ಸಾರಿದರೆ ನಡುರಾತ್ರಿ ಕತ್ತಲಲ್ಲಿ ಓಡುವವರು ಬೀಳುತ್ತಾರೆ.

ಹೊರಡಲು ಬಿಡದ ಮೂರು ಕಟ್ಟುಗಳು

ದನಕರು, ಪಂಪ್‌ಸೆಟ್ಟು, ತೋಟದ ಮನೆ: ಈ ಮೂರು ನಮ್ಮವರನ್ನು ಹೊಳೆದಂಡೆಗೆ ಕಟ್ಟಿಹಾಕುತ್ತವೆ. ಹೊಳೆ ಏರುತ್ತಿದೆಯೆಂದು ತಿಳಿದೊಡನೆ ರೈತರು ದಡದ ಮೋಟಾರನ್ನು ಬಿಚ್ಚಿ ತರಲು ಇಳಿಯುತ್ತಾರೆ. ನೀರು ಏರುವ ಹೊತ್ತಿನಲ್ಲೇ ಇಳಿಯುವುದರಿಂದ ಮಣ್ಣಿನ ದಡ ಕುಸಿದು, ಇಲ್ಲವೆ ನೀರಿನಲ್ಲಿ ಹರಿಯುವ ವಿದ್ಯುತ್ತು ತಗುಲಿ ಪ್ರಾಣ ಹೋದ ಸಂಗತಿಗಳು ಹೊಳೆಸಾಲಿನಲ್ಲಿ ಹೊಸತಲ್ಲ. ಮೋಟಾರನ್ನು ಹಳದಿ ಮುನ್ಸೂಚನೆಯ ದಿನವೇ, ಹಗಲಿನಲ್ಲಿ, ಇಬ್ಬರು ಹೋಗಿ, ವಿದ್ಯುತ್ ಸಂಪರ್ಕ ಕಡಿದು ತರಬೇಕು. ಅಂದು ತರಲಾಗದಿದ್ದರೆ ಅದನ್ನು ಹೊಳೆಗೆ ಬಿಟ್ಟುಬಿಡಬೇಕು. ದನಗಳನ್ನು ಮೊದಲೇ ಎತ್ತರಕ್ಕೆ ಸಾಗಿಸುವುದು ಉತ್ತಮ. ಸಾಧ್ಯವಾಗದಿದ್ದರೆ ಕಣ್ಣಿ ಬಿಚ್ಚಿ ಬಿಡಿರಿ. ಬಿಟ್ಟ ದನ ಈಜಿ ದಡ ಸೇರಬಲ್ಲದು, ಕಟ್ಟಿದ ದನಕ್ಕೆ ಆ ಅವಕಾಶವೂ ಇಲ್ಲ. ಮಳೆಗಾಲಕ್ಕೆ ಮೊದಲು ಗಳಲೆ ರೋಗದ ಲಸಿಕೆಯನ್ನೂ ಹಾಕಿಸಿರಬೇಕು. ಊರಿನಿಂದ ದೂರ ಕಬ್ಬಿನ ನಡುವೆ ಇರುವ ತೋಟದ ವಸ್ತಿಗಳವರಿಗೆ ಡಂಗುರದ ದನಿ ಕೇಳುವುದಿಲ್ಲ. ಊರಿನೊಳಗಿನ ಬಂಧುವೊಬ್ಬರು ಅವರಿಗೆ ಫೋನು ಮಾಡುವ ಹೊಣೆಯನ್ನು ಹೆಸರು ಹಿಡಿದು ಹೊರಬೇಕು.

ಹರಿಯುವ ನೀರಿನ ಬಲವನ್ನು ಕಣ್ಣು ಅಳೆಯಲಾರದು. ರಭಸವಾಗಿ ಹರಿಯುವ ಅರ್ಧ ಅಡಿ ನೀರು ನಿಂತ ಆಳನ್ನು ಕೆಡವಬಲ್ಲದು. ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ಎರಡು ಅಡಿ ಬಹುತೇಕ ವಾಹನಗಳನ್ನು ಕೊಂಡೊಯ್ಯುತ್ತದೆ. ನೀರು ಮುಚ್ಚಿದ ಸೇತುವೆಯ ನಡುವೆ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ಕಾಣುವುದಿಲ್ಲ. ದರ್ಶನ ಒಂದು ದಿನ ತಡವಾದರೆ ದೇವರು ಮುನಿಯುವುದಿಲ್ಲ. ಯಾರಾದರೂ ಕೊಚ್ಚಿಹೋಗುತ್ತಿದ್ದರೆ ಹಿಂದೆಯೇ ಜಿಗಿಯದೆ ಹಗ್ಗ, ಟ್ಯೂಬು ಅಥವಾ ಬಾಯಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಕೊಡವನ್ನು ಎಸೆಯಿರಿ. ನೀರಿನಿಂದ ಮೇಲೆತ್ತಿದವರನ್ನು ತಲೆಕೆಳಗು ಮಾಡಿ ತಿರುಗಿಸುವ, ಹೊಟ್ಟೆ ಒತ್ತಿ ನೀರು ಕಕ್ಕಿಸುವ ಹಳೆಯ ಪದ್ಧತಿ ಅಪಾಯಕಾರಿ. ಉಸಿರಾಟ ನಿಂತಿದ್ದರೆ ಅಂಗಾತ ಮಲಗಿಸಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಮೊದಲು ಉಸಿರು ತುಂಬಬೇಕು. ನಂತರ ಎದೆಯ ನಡುವೆ 30 ಸಲ ಬಲವಾಗಿ ಒತ್ತಿ 2 ಸಲ ಉಸಿರು ಕೊಡುವುದನ್ನು ಆಂಬುಲೆನ್ಸ್ ಬರುವವರೆಗೆ ಮುಂದುವರಿಸಬೇಕು. ಇದನ್ನು ಓದಿ ಕಲಿಯಲಾಗದು. ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ ಯುವಕರಿಗೆ ಒಮ್ಮೆ ಮಾಡಿ ತೋರಿಸಲು ಹೇಳಿರಿ.

ಗಂಟಿನಲ್ಲಿ ಏನಿರಬೇಕು

ಪರಿಹಾರ ಕೇಂದ್ರದಲ್ಲಿ ನಾವು ಕಂಡ ತಾಯಿಯೊಬ್ಬರು ಹೊಲದ ಉತಾರ, ಪಡಿತರ ಚೀಟಿ, ಮಗಳ ಮದುವೆಯ ಸೀರೆ ಎಲ್ಲವನ್ನೂ ಜೋಪಾನವಾಗಿ ತಂದಿದ್ದರು. ಕೊರಳಲ್ಲಿ ಇಷ್ಟಲಿಂಗವಂತೂ ಇದ್ದೇ ಇತ್ತು. ಸಕ್ಕರೆ ಕಾಯಿಲೆಯ ಗುಳಿಗೆಗಳು ಮಾತ್ರ ಮನೆಯ ಗೂಡಿನಲ್ಲೇ ಉಳಿದಿದ್ದವು. ಯಾವ ಗುಳಿಗೆಯೆಂದು ಅವರಿಗೆ ಹೆಸರು ತಿಳಿಯದು. ಬಿಳಿಯದು, ಉದ್ದನೆಯದು ಎಂದಷ್ಟೇ ಹೇಳಿದರು. ನಾಲ್ಕನೆಯ ದಿನ ಅವರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಂದಿನಿಂದ ನಾವು ಎಲ್ಲರಿಗೂ ಹೇಳುವುದಿದು: ಗಂಟು ಕಟ್ಟುವಾಗ ಮೊದಲು ಔಷಧಿಯನ್ನೂ ವೈದ್ಯರ ಚೀಟಿಯನ್ನೂ ಇಡಿರಿ. ರಕ್ತದೊತ್ತಡ, ಸಕ್ಕರೆ, ಮೂರ್ಛೆ, ಕ್ಷಯದ ಔಷಧಿಗಳು ಎರಡು ವಾರಕ್ಕಾಗುವಷ್ಟು ಇರಲಿ. ಇನ್ಸುಲಿನ್ ಬಳಸುವವರು ಕರೆಂಟಿಲ್ಲದ ಕಡೆ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿಟ್ಟು ಕಾಪಾಡಬಹುದು. ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿರಿ. ಬ್ಯಾಟರಿ ದೀಪ, ಚಾರ್ಜ್ ತುಂಬಿದ ಮೊಬೈಲ್, ಓಆರ್‌ಎಸ್ ಪೊಟ್ಟಣ, ಸೊಳ್ಳೆಪರದೆ, ಹೆಣ್ಣುಮಕ್ಕಳ ಮುಟ್ಟಿನ ಬಟ್ಟೆ ಇವು ಗಂಟಿನಲ್ಲಿರಲಿ. ಹೊರಡುವ ಮುನ್ನ ಮೇನ್ ಸ್ವಿಚ್ ಆರಿಸಿ ಗ್ಯಾಸ್ ಬಂದ್ ಮಾಡಿರಿ. ಕಾಲಡಿ ನೀರಿದ್ದರೆ ಸ್ವಿಚ್ಚಿಗೆ ಕೈ ಹಚ್ಚಬೇಡಿರಿ.

ನೀರಿನ ನಡುವೆ ಕುಡಿಯುವ ನೀರು

ಆ ಕೇಂದ್ರದಲ್ಲಿ ನಮ್ಮಿಂದಲೇ ಒಂದು ತಪ್ಪಾಯಿತು, ಅದನ್ನು ಹೇಳಿಕೊಳ್ಳಲು ನಾಚಿಕೆಪಡುವುದಿಲ್ಲ. ಟ್ಯಾಂಕರಿನಲ್ಲಿ ಬಂದ ಶುದ್ಧ ನೀರನ್ನು ಅಗಲ ಬಾಯಿಯ ಹಂಡೆಗಳಲ್ಲಿ ತುಂಬಿ ಒಂದೊಂದು ಚಂಬು ಇಟ್ಟೆವು. ಕೆಸರಿನ ಕೈಗಳು ಆ ಚಂಬಿನೊಡನೆ ಹಂಡೆಯೊಳಗೆ ಇಳಿದವು. ಮೂರನೆಯ ದಿನಕ್ಕೆ ಮಕ್ಕಳಲ್ಲಿ ಭೇದಿ ಕಾಣಿಸಿತು. ನೀರು ಶುದ್ಧವಾಗಿತ್ತು, ಕೊಡುವ ರೀತಿ ಶುದ್ಧವಾಗಿರಲಿಲ್ಲ. ಮರುದಿನ ನಲ್ಲಿಯಿರುವ ಡ್ರಮ್ಮುಗಳನ್ನು ತರಿಸಿದೆವು, ಶೌಚಾಲಯದ ಬಾಗಿಲಲ್ಲೂ ಊಟದ ಪಂಕ್ತಿಯ ಮುಂದೆಯೂ ಸಾಬೂನು ಕಟ್ಟಿಸಿದೆವು.

ಕುಡಿಯುವ ನೀರನ್ನು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. ಉರುವಲಿಲ್ಲದಿದ್ದರೆ ಆಶಾ ಕಾರ್ಯಕರ್ತೆಯರು ಕೊಡುವ ಕ್ಲೋರಿನ್ ಗುಳಿಗೆಯನ್ನು ಪೊಟ್ಟಣದ ಮೇಲೆ ಬರೆದ ಅಳತೆಯಂತೆ ಹಾಕಿ ಅರ್ಧ ಗಂಟೆ ಬಿಡಿರಿ. ನೀರು ಕದಡಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿಕೊಳ್ಳಿರಿ. ಭೇದಿಯಾದವರಿಗೆ ಒಂದು ಪೊಟ್ಟಣ ಓಆರ್‌ಎಸ್ ಅನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎದೆಹಾಲು ನಿಲ್ಲಿಸಬಾರದು. ಮಕ್ಕಳಿಗೆ ಜಿಂಕ್ ಗುಳಿಗೆಯನ್ನು ಆಶಾ ಕಾರ್ಯಕರ್ತೆ ಹೇಳಿದಂತೆ 14 ದಿನ ಕೊಡಬೇಕು. ಭೇದಿ ನಿಂತಿತೆಂದು ನಡುವೆ ಬಿಡಬಾರದು. ಮಗು ಸುಸ್ತಾಗಿ ಕಣ್ಣು ಒಳಸೇರಿದರೆ, ಮೂತ್ರ ನಿಂತರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ನೆರೆ ನುಗ್ಗಿದ ಬಾವಿಯ ನೀರನ್ನು ಪೂರ್ಣ ಎತ್ತಿ ಹಾಕಿಸಿ, ಹೊಸ ನೀರಿಗೆ ಬ್ಲೀಚಿಂಗ್ ಪುಡಿ ಬಳಸಬೇಕು. ಸಾಮಾನ್ಯ ಲೆಕ್ಕ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಮೂರು ಮೀಟರ್ ವ್ಯಾಸದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 28 ಸಾವಿರ ಲೀಟರ್; 70 ಗ್ರಾಂ ಪುಡಿ ಬೇಕು. ನೆರೆಯ ನಂತರ ಇಷ್ಟು ಸಾಲದೆ ಹೋಗಬಹುದು, ಆದುದರಿಂದ ಆರೋಗ್ಯ ಸಿಬ್ಬಂದಿ ಪರೀಕ್ಷಿಸಿ ಪ್ರಮಾಣ ನಿರ್ಧರಿಸಲಿ. ಪುಡಿಯನ್ನು ನೇರ ಸುರಿಯದೆ ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕುಳಿತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು ಕದಡಿ, ಒಂದು ಗಂಟೆ ಕಳೆದ ನಂತರ ನೀರು ಸೇದಬೇಕು.

ಜ್ವರ, ಹಾವು, ಹಸಿ ಗೋಡೆ

ಕೆಸರು ನೀರಿನಲ್ಲಿ ದಿನಗಟ್ಟಲೆ ಓಡಾಡಿದವರಿಗೆ ಇಲಿ ಜ್ವರದ ಭಯವಿದೆ. ಇಲಿ, ದನಗಳ ಮೂತ್ರ ಬೆರೆತ ನೀರಿನಿಂದ, ಕಾಲಿನ ಒಡಕು ಗಾಯಗಳ ಮೂಲಕ ರೋಗಾಣು ಒಳಸೇರುತ್ತದೆ. ಜ್ವರ ಕಾಣಿಸುವುದು ಸಾಮಾನ್ಯವಾಗಿ ಒಂದೆರಡು ವಾರ ಕಳೆದ ಮೇಲೆ. ಅಷ್ಟರಲ್ಲಿ ಜನ ಮನೆಗೆ ಮರಳಿ, ನೆರೆಯನ್ನು ಮರೆತು, ಮೈಕೈ ನೋವಿನ ಗುಳಿಗೆ ನುಂಗುತ್ತಿರುತ್ತಾರೆ. ಜ್ವರದೊಡನೆ ಮೀನಖಂಡಗಳಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು, ಮೂತ್ರ ಕಡಿಮೆಯಾಗುವುದು ಕಂಡರೆ ವೈದ್ಯರ ಬಳಿ ಹೋಗಿ, ‘ನಾನು ನೆರೆಯ ನೀರಿನಲ್ಲಿ ನಡೆದಿದ್ದೇನೆ’ ಎಂಬ ಮಾತನ್ನು ಮೊದಲು ಹೇಳಬೇಕು. ಆ ಒಂದು ವಾಕ್ಯ ವೈದ್ಯರ ಕೆಲಸವನ್ನು ಅರ್ಧ ಹಗುರಗೊಳಿಸುತ್ತದೆ. ಕೆಸರು ತೆಗೆಯುವ ಕೆಲಸಕ್ಕೆ ಇಳಿಯುವವರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಎಂಬ ಔಷಧಿಯನ್ನು ಮುಂಜಾಗ್ರತೆಗಾಗಿ ಕೊಡುವುದುಂಟು. ಗರ್ಭಿಣಿಯರಿಗೂ ಸಣ್ಣ ಮಕ್ಕಳಿಗೂ ಅದು ಸಲ್ಲದಾದ್ದರಿಂದ ವೈದ್ಯರ ಮಾತಿಲ್ಲದೆ ನುಂಗಬಾರದು. ಗಮ್‌ಬೂಟು ಹಾಕಿಕೊಳ್ಳಿರಿ, ಗಾಯವಾದರೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳಿರಿ.

ಬಿಲಗಳಲ್ಲಿ ನೀರು ತುಂಬಿದಾಗ ಹಾವುಗಳೂ ನಮ್ಮಂತೆಯೇ ಒಣ ಜಾಗ ಹುಡುಕುತ್ತವೆ. ಕಡಂಬಳ ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ನೋವೇ ಆಗದಿರಬಹುದು, ಗುರುತೂ ಕಾಣದಿರಬಹುದು. ನಸುಕಿನಲ್ಲಿ ಹೊಟ್ಟೆನೋವು, ರೆಪ್ಪೆ ಜೋಲುವುದು, ನುಂಗಲಾಗದಿರುವುದು ಕಂಡರೆ ಹಾವಿನ ಸಂಶಯಪಟ್ಟು ಆಸ್ಪತ್ರೆಗೆ ಓಡಬೇಕು. ಕಚ್ಚಿದ ಜಾಗವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಕೂಡದು. ಕೈಕಾಲನ್ನು ಅಲುಗದಂತೆ ಪಟ್ಟಿಯಿಂದ ಕಟ್ಟಿ, ರೋಗಿಯನ್ನು ನಡೆಸದೆ ಹೊತ್ತೊಯ್ಯಬೇಕು. ಮಂತ್ರ ಹಾಕಿಸುವುದಿದ್ದರೆ ವಿಷನಿರೋಧಕ ಚುಚ್ಚುಮದ್ದು ಕೊಟ್ಟ ಮೇಲೆ ಹಾಕಿಸಬಹುದು. ನೆಲದ ಮೇಲೆ ಮಲಗುವುದು ಅನಿವಾರ್ಯವಾದಾಗ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದರೆ ಅದು ಹಾವನ್ನೂ ತಡೆಯುತ್ತದೆ.

ನೀರು ಇಳಿದೊಡನೆ ಮನೆ ನೋಡುವ ಆತುರ ಸಹಜ. ಆದರೆ ಮಣ್ಣಿನ ಗೋಡೆಗೆ ನಿಜವಾದ ಅಪಾಯ ಆಗ ತೊಡಗುತ್ತದೆ. ನೆನೆದಾಗ ಎರಡೂ ಬದಿಯ ನೀರು ಒತ್ತಿ ಹಿಡಿದಿದ್ದ ಗೋಡೆ, ನೀರು ಸರಿದ ಮೇಲೆ ಆಸರೆ ಕಳೆದುಕೊಂಡು, ಬಿಸಿಲಿಗೆ ಬಿರಿದು, ದಿನಗಳ ನಂತರ ಯಾವ ಸದ್ದೂ ಇಲ್ಲದೆ ಕೂರಬಲ್ಲದು. ಹೊರಗಿನಿಂದ ಸುತ್ತ ನೋಡಿರಿ. ಗೋಡೆ ಉಬ್ಬಿದ್ದರೆ, ಬುಡದ ಮಣ್ಣು ಕರಗಿ ಒಳಸರಿದಿದ್ದರೆ, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡಿದ್ದರೆ, ಜಂತಿಯ ಸಂದಿನಿಂದ ಮಣ್ಣು ಉದುರುತ್ತಿದ್ದರೆ ಒಳಹೋಗಬೇಡಿರಿ. ಪಂಚಾಯಿತಿಯ ಇಂಜಿನಿಯರಿಗೆ ತೋರಿಸಿರಿ, ಪರಿಹಾರದ ಅರ್ಜಿಗೂ ಆ ತಪಾಸಣೆ ಬೇಕಾಗುತ್ತದೆ. ಹಗಲು ಕೆಸರು ತೆಗೆಯಲು ಹೋದವರು ಸಂಜೆಗೆ ಪರಿಹಾರ ಕೇಂದ್ರಕ್ಕೇ ಮರಳಿರಿ. ಮಾಳಿಗೆಯ ಮೇಲೆ ನೆನೆದ ಮಣ್ಣಿನ ಭಾರ ಇನ್ನೂ ಇದ್ದರೆ ಅದನ್ನು ಮೊದಲು ಇಳಿಸಿರಿ. ಗೋಡೆ ಪೂರ್ಣ ಒಣಗಿ ಬಲ್ಲವರು ನೋಡಿ ಹೇಳುವವರೆಗೆ ಮಕ್ಕಳ ತೊಟ್ಟಿಲನ್ನೂ ಮುದುಕರ ಹಾಸಿಗೆಯನ್ನೂ ಅದರ ಬದಿಗೆ ಹಾಕಬೇಡಿರಿ.